ಥರ್ಮನ್ ಮಾಮನ ಮತ

ಡೆಲ್ಫೀನ್ ಪ್ರೂಯಿಟ್‌ಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು, ಅದನ್ನು ಹೇಳುವ ಗಂಟಲೂ ಇತ್ತು. ಕಾಲೇಜಿನ ಪತ್ರಿಕೆಗೆ ವಾರಕ್ಕೊಮ್ಮೆ ಬರೆಯುತ್ತಿದ್ದಳು. ಪೊಲೀಸರು ಯಾರ ಕಾರನ್ನು ತಡೆದು ನಿಲ್ಲಿಸುತ್ತಾರೆ, ಯಾವ ಬಡಾವಣೆಯ ಶಾಲೆಗೆ ಹೊಸ ಬಸ್ಸು ಬರುತ್ತದೆ, ಯಾವ ಬಡಾವಣೆಯ ಮತಗಟ್ಟೆಯನ್ನು ಸದ್ದಿಲ್ಲದೆ ಎತ್ತಿಹಾಕುತ್ತಾರೆ, ಇವೆಲ್ಲ ಅವಳ ವಿಷಯಗಳು. ಕ್ಲಾಸಿನಲ್ಲಿ ಅವಳು ಕೈ ಎತ್ತಿದರೆ ಹಿಂದಿನ ಸಾಲಿನವರು ಪೆನ್ನು ಕೆಳಗಿಟ್ಟು ಒರಗಿ ಕೂರುತ್ತಿದ್ದರು, ಇದಿನ್ನು ಬೇಗ ಮುಗಿಯುವುದಿಲ್ಲವೆಂದು. ಆದರೆ ಅವಳು ಹೇಳುತ್ತಿದ್ದುದರಲ್ಲಿ ಹೆಚ್ಚಿನದು ನಿಜ. ಅದನ್ನು ಅವಳ ವಿರೋಧಿಗಳೂ ಒಪ್ಪುತ್ತಿದ್ದರು.

ಆ ಮಾತುಗಳಿಗೆಲ್ಲ ಬೇರು ಇದ್ದದ್ದು ಥರ್ಮನ್ ಮಾಮನಲ್ಲಿ. ಥರ್ಮನ್ ಅವಳ ತಾಯಿ ವರ್ನೀಸಳ ಒಬ್ಬನೇ ತಮ್ಮ. ಡೆಲ್ಫೀನ್ ಇನ್ನೂ ಎರಡು ಜಡೆ ಹಾಕಿಕೊಂಡು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ, ಗೆಳೆಯರಿಬ್ಬರು ಅಂಗಡಿಯೊಂದನ್ನು ದೋಚಿ ಓಡಿಬಂದು ಇವನ ಕಾರು ಹತ್ತಿದರು. ಇವನು ಓಡಿಸಿದ. ಅದೇ ಇವನ ಅಪರಾಧ. ಅವಳು ಹೈಸ್ಕೂಲು ಸೇರಿದ ಮೇಲೆ, ಉಳಿದ ವರ್ಷಗಳನ್ನು ಅಧಿಕಾರಿಯೊಬ್ಬರ ನಿಗಾದಲ್ಲಿ ಕಳೆಯಬೇಕೆಂಬ ಷರತ್ತಿನ ಮೇಲೆ ಜೈಲಿನಿಂದ ಹೊರಬಂದ. ಬಂದವನು ಊರಾಚೆಯ ಶೇಂಗಾ ಕಾರ್ಖಾನೆಯಲ್ಲಿ ಮೂಟೆ ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ ಹಿಡಿದು, ಅಕ್ಕನ ಮನೆಯ ಹಿಂದಿನ ಚಿಕ್ಕ ಟ್ರೇಲರ್ ಮನೆಯಲ್ಲಿ ಒಬ್ಬನೇ ಇದ್ದ. ಸಂಜೆ ಕೂದಲಿನಿಂದ ಶೇಂಗಾ ಧೂಳು ಕೊಡವಿಕೊಂಡು ಅಕ್ಕನ ಮನೆಗೆ ಬಂದು, ಟಿವಿಯಲ್ಲಿ ಬೇಸ್‌ಬಾಲ್ ನೋಡಿ, ಊಟ ಮಾಡಿ ಹೋಗುತ್ತಿದ್ದ. ಯಾರ ತಂಟೆಗೂ ಹೋಗುತ್ತಿರಲಿಲ್ಲ. ಅವನ ಹೆಸರು ಹೇಳದೆ, ಅವನ ಕಥೆಯನ್ನು ಡೆಲ್ಫೀನ್ ಚರ್ಚಾಸ್ಪರ್ಧೆಗಳಲ್ಲಿ ಅದೆಷ್ಟು ಸಲ ಹೇಳಿ ಗೆದ್ದಿದ್ದಳೋ, ಅವನಿಗೆ ಗೊತ್ತಿರಲಿಲ್ಲ.

ಚುನಾವಣೆಯ ವರ್ಷ. ಜಾರ್ಜಿಯಾದಲ್ಲಿ ಆ ಸೆಪ್ಟೆಂಬರ್ ಇನ್ನೂ ಬೆವರಿಳಿಸುತ್ತಿತ್ತು. ಒಂದು ಭಾನುವಾರ ಡೆಲ್ಫೀನ್ ತನ್ನ ಕಾಲೇಜಿನ ಮತದಾರರ ಸಂಘದ ಅಧ್ಯಕ್ಷೆ ಮರೀಸಾ ಕೀನ್‌ಳನ್ನು ಕರೆದುಕೊಂಡು ಊರಿಗೆ ಬಂದಳು. ಮರೀಸಾ ಅಟ್ಲಾಂಟಾದ ಕಡೆಯ ಸ್ಥಿತಿವಂತರ ಮಗಳು, ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳು ಮೆಚ್ಚಿದರೆ ಸಾಕೆಂದು ಡೆಲ್ಫೀನ್ ಕಾಯುತ್ತಿದ್ದ ಕಾಲ ಅದು. ಇಬ್ಬರೂ ಚರ್ಚಿನ ಹೊರಗಿನ ಓಕ್ ಮರದ ನೆರಳಿಗೆ ಮಡಚುವ ಮೇಜೊಂದನ್ನು ಹಾಕಿಕೊಂಡು, ಪ್ರಾರ್ಥನೆ ಮುಗಿಸಿ ಬಂದವರಿಂದ ಮತದಾರರ ಪಟ್ಟಿಯ ಅರ್ಜಿ ತುಂಬಿಸಿದರು. ಆಮೇಲೆ ವರ್ನೀಸಳ ಮನೆಗೆ ಊಟಕ್ಕೆ ಬಂದರು.

ಕರಿದ ಕೋಳಿ, ಹಂದಿಮೂಳೆ ಹಾಕಿ ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು. ಥರ್ಮನ್ ಆಗಲೇ ಜಗಲಿಯ ಮೇಜಿನ ಮುಂದೆ ಕೂತಿದ್ದ.

"ಬನ್ನಿ ಸೆನೆಟರಮ್ಮ," ಅಂದ ಸೊಸೆಯನ್ನು ನೋಡಿ. "ಇವತ್ತು ಎಷ್ಟು ಜನರನ್ನ ಉದ್ಧಾರ ಮಾಡಿದ್ರಿ?"

"ನಿನ್ನೊಬ್ಬನ್ನ ಬಿಟ್ಟು ಎಲ್ಲರನ್ನೂ ಮಾಡಾಯ್ತು ಮಾಮ," ಅಂದಳು ಡೆಲ್ಫೀನ್. "ನೀನು ಯಾಕೆ ಚರ್ಚ್ ಹತ್ರ ಬರ್ಲಿಲ್ಲ?"

"ಅಲ್ಲಿ ಬಂದ್ರೆ ಪಾದ್ರಿ ಹಿಡ್ಕೋತಾನೆ, ಇಲ್ಲಿ ಬಂದ್ರೆ ನೀನು ಹಿಡ್ಕೋತೀಯ. ಇಲ್ಲಾದ್ರೆ ಕೋಳಿನಾದ್ರೂ ಸಿಗುತ್ತೆ."

ಮರೀಸಾ ಜೋರಾಗಿ ನಕ್ಕಳು. ಡೆಲ್ಫೀನ್ ನಗಲಿಲ್ಲ. ಚೀಲದಿಂದ ಒಂದು ಅರ್ಜಿ ತೆಗೆದು ಅವನ ತಟ್ಟೆಯ ಪಕ್ಕಕ್ಕೆ ಇಟ್ಟಳು. ವರ್ನೀಸ್ ಆಗ ಒಳಗೆ ಎರಡನೇ ಸುತ್ತಿನ ಕೋಳಿ ಕರಿಯುತ್ತಿದ್ದಳು. ಬಾಣಲೆಯ ಸದ್ದಿನಲ್ಲಿ ಅವಳಿಗೆ ಜಗಲಿಯ ಮಾತು ಕೇಳುವಂತಿರಲಿಲ್ಲ.

ಥರ್ಮನ್ ಅರ್ಜಿಯನ್ನು ಮುಟ್ಟಲಿಲ್ಲ. ಬೆರಳುಗಳನ್ನು ಒರೆಸಿಕೊಂಡ. "ಇದು ನನ್ನಂಥೋರಿಗಲ್ಲಮ್ಮ. ನಾನು ಈಗ್ಲೂ ತಿಂಗಳಿಗೊಂದ್ಸಲ ಆ ನಿಗಾ ಆಫೀಸರ್ ಮುಂದೆ ಹೋಗಿ ನಿಂತ್ಕೋಬೇಕು. ಊರು ಬಿಟ್ಟು ಹೋಗ್ಬೇಕಂದ್ರೂ ಅವರನ್ನ ಕೇಳ್ಬೇಕು. ನನಗೆಲ್ಲಿ ವೋಟು?"

ಡೆಲ್ಫೀನ್‌ಗೆ ಆ ಕ್ಷಣ ಒಳಗೆ ಏನೋ ಚುಚ್ಚಿತು. ಸಂಘದವರು ಸ್ವಯಂಸೇವಕರಿಗೆ ಒಂದು ಶನಿವಾರ ತರಬೇತಿ ಕೊಟ್ಟಿದ್ದರು. ಶಿಕ್ಷೆ ಆದವರ ಬಗ್ಗೆ ಅಲ್ಲಿ ಏನೋ ಹೇಳಿದ್ದರು. ಅವಳು ಹಿಂದೆ ಕೂತು ತನ್ನ ಲೇಖನಕ್ಕೆ ಬಂದ ಮೆಚ್ಚುಗೆಗಳನ್ನು ಫೋನಿನಲ್ಲಿ ಓದುತ್ತಿದ್ದಳು. ಏನು ಹೇಳಿದ್ದರು? ಜೈಲು ಮುಗಿದರೆ ಸಾಕು ಅಂತಲೋ, ಪೂರ್ತಿ ಶಿಕ್ಷೆ ಮುಗಿಯಬೇಕು ಅಂತಲೋ? ಮರೀಸಾ ಎದುರಿಗೆ ಕೂತು, ಇವಳು ಏನು ಹೇಳುತ್ತಾಳೆಂದು ನೋಡುತ್ತಿದ್ದಳು. ನನಗೆ ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಅನ್ನಬಹುದಿತ್ತು. ಆ ಮಾತು ನಾಲಿಗೆಗೆ ಬರಲಿಲ್ಲ.

"ಜೈಲು ಮುಗೀತಲ್ಲ ಮಾಮ. ಹಕ್ಕು ನಿಂದೇ," ಅಂದಳು.

"ಗೊತ್ತಾ ನಿಂಗೆ, ಸರಿಯಾಗಿ?"

"ನಾನು ಓದ್ತಿರೋದೇ ಇದನ್ನ ಅಲ್ವಾ? ನೋಡು, ನಿನ್ನಂಥೋರು ಹೀಗೆ ಹೆದರ್ಕೊಂಡು ಮನೇಲಿ ಕೂತ್ಕೊಳ್ಳಿ ಅಂತಾನೇ ಅಧಿಕಾರದಲ್ಲಿರೋರು ಆಸೆ ಪಡೋದು. ನಿನ್ನ ತಾತ ಕಪ್ಪು ಜನಕ್ಕೂ ವೋಟು ಬೇಕು ಅಂತ ಹೋಗಿ ಬೂತಿನ ಮುಂದೆ ಒದೆ ತಿಂದು ಬಂದೋರು ಅಂತ ಅಮ್ಮ ಹೇಳ್ತಾಳೆ. ನೀನು ಒಂದು ಸಹಿ ಹಾಕೋಕೆ ನಡುಗ್ತೀಯ."

ಥರ್ಮನ್‌ನ ಮುಖದಲ್ಲಿದ್ದ ನಗು ಹೋಯಿತು. ಆಮೇಲೆ ಪೆನ್ನು ಕೇಳಿದ. ಸಹಿಯ ಮೇಲಿದ್ದ ಸಣ್ಣ ಅಕ್ಷರಗಳನ್ನು ತೋರಿಸಿ, "ಇದನ್ನೆಲ್ಲ ಓದ್ಬೇಕಾ? ಕನ್ನಡಕ ಟ್ರೇಲರಲ್ಲೇ ಬಿಟ್ಟು ಬಂದಿದೀನಿ," ಅಂದ.

"ಅದೆಲ್ಲ ಮಾಮೂಲಿ ಮಾಮ. ಹಾಕು."

ಹಾಕಿದ. ಮರೀಸಾ ಚಪ್ಪಾಳೆ ತಟ್ಟಿದಳು. ವಾಪಸು ಹೋಗುವಾಗ ಕಾರಿನಲ್ಲಿ, "ನೀನು ಅವರನ್ನ ಒಪ್ಪಿಸಿದ ರೀತಿ ಇದೆಯಲ್ಲ, ಅದನ್ನ ನಮ್ಮ ಹುಡುಗರೆಲ್ಲ ನೋಡ್ಬೇಕಿತ್ತು," ಅಂದಳು. ವಿಚಾರಿಸಬೇಕೆಂದು ಡೆಲ್ಫೀನ್ ಮನಸ್ಸಿನಲ್ಲಿ ಅಂದುಕೊಂಡಿದ್ದಳು. ಮರುದಿನ ಪರೀಕ್ಷೆಯಿತ್ತು, ಅದರ ಮರುದಿನ ಇನ್ನೇನೋ. ಅಂದುಕೊಂಡದ್ದು ಹಾಗೇ ಉಳಿಯಿತು.

ನವೆಂಬರಿನಲ್ಲಿ ಥರ್ಮನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೆಲಸಕ್ಕೆ ಹೋಗುವ ಮುಂಚೆ ಸಾಲಿನಲ್ಲಿ ನಿಂತು ಮತ ಹಾಕಿದ. ಬದುಕಿನಲ್ಲಿ ಮೊದಲ ಸಲ. ಮತ ಹಾಕಿದವರಿಗೆ ಕೊಡುವ ಸ್ಟಿಕ್ಕರನ್ನು ಟೋಪಿಗೆ ಅಂಟಿಸಿಕೊಂಡ ತನ್ನ ಫೋಟೋ ಕಳಿಸಿ, ಫೋನನ್ನೂ ಮಾಡಿದ. "ಮೇಜಿನ ಹಿಂದಿದ್ದ ಹೆಂಗಸು ನನಗೆ ಸಾರ್ ಅಂದ್ಳು ಕಣೇ. ಥ್ಯಾಂಕ್ಯೂ ಸಾರ್ ಅಂದ್ಳು," ಅಂದ. ಅವನ ದನಿಯಲ್ಲಿ ಅಂಥ ಹಿಗ್ಗನ್ನು ಡೆಲ್ಫೀನ್ ಯಾವತ್ತೂ ಕೇಳಿರಲಿಲ್ಲ. ಆ ವಾರದ ಲೇಖನವನ್ನು ಅವಳು ಆ ಹಿಗ್ಗಿನ ಮೇಲೆಯೇ ಬರೆದಳು. ಅವಳು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತೆಂದು ಎಲ್ಲರೂ ಅಂದರು.

ಫೆಬ್ರವರಿಯಲ್ಲಿ ಪೊಲೀಸರು ಅವನನ್ನು ಕಾರ್ಖಾನೆಯಿಂದಲೇ ಹಿಡಿದುಕೊಂಡು ಹೋದರು.

ಶಿಕ್ಷೆ ಪೂರ್ತಿ ಮುಗಿಯದವರು ಮತ ಹಾಕುವಂತಿಲ್ಲ. ನಿಗಾದಲ್ಲಿರುವುದೂ ಶಿಕ್ಷೆಯ ಭಾಗವೇ. ನನಗೆ ಹಕ್ಕಿದೆ ಎಂದು ಪ್ರಮಾಣ ಮಾಡಿ ಸಹಿ ಹಾಕಿದ್ದಾನೆ, ಅದು ಸುಳ್ಳು ಪ್ರಮಾಣ, ಅದಕ್ಕೊಂದು ಬೇರೆ ಮೊಕದ್ದಮೆ, ಜೊತೆಗೆ ನಿಗಾದ ಷರತ್ತನ್ನೂ ಮುರಿದ ಹಾಗೆ. ಉಳಿದ ಶಿಕ್ಷೆಯನ್ನು ಅವನು ಮತ್ತೆ ಜೈಲಿನಲ್ಲೇ ಕಳೆಯಬೇಕಾಗಬಹುದು. ಅಮ್ಮ ಫೋನಿನಲ್ಲಿ ಅಳುತ್ತಾ ಹೇಳಿದ್ದನ್ನು ಕೇಳಿಸಿಕೊಂಡು ಡೆಲ್ಫೀನ್ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಳು. ಫೋನಿನಲ್ಲೇ ಹುಡುಕಿದಳು. ಕೇಳಿದ ಕೂಡಲೇ ಉತ್ತರ ಸಿಕ್ಕಿತು, ಯಾವ ಗೊಂದಲಕ್ಕೂ ಎಡೆಯಿಲ್ಲದ ಎರಡು ಸಾಲು. ಸೆಪ್ಟೆಂಬರಿನಲ್ಲೂ ಅದು ಅಲ್ಲೇ ಇತ್ತು.

ಆ ವಾರದ ಕೊನೆಗೆ ಅವಳು ಊರಿಗೆ ಹೋದಳು. ಥರ್ಮನ್‌ನ ಪರ ವಾದಿಸಲು ಸರಕಾರವೇ ಕೊಟ್ಟಿದ್ದ ವಕೀಲೆ ಒಡೆಟ್ ಸಿಮ್ಸ್ ಹೇಳಿದ್ದನ್ನು ವರ್ನೀಸ್ ಮಗಳಿಗೆ ಹೇಳಿದಳು. "ಯಾರಾದ್ರೂ ಅವನಿಗೆ 'ಹಾಕಬಹುದು' ಅಂತ ಹೇಳಿದ್ರೆ ಕೇಸು ಬೇರೆ ಥರ ಆಗುತ್ತಂತೆ. ಬೇಕಂತ ಮೋಸ ಮಾಡ್ಲಿಲ್ಲ ಅಂತ ಆಗುತ್ತಂತೆ. ಅವನು ನೋಡಿದ್ರೆ ಬಾಯೇ ಬಿಡ್ತಿಲ್ಲ. ನಾನೇ ಹಾಕ್ದೆ, ನಾನೇ ಹಾಕ್ದೆ ಅಂತಾನೆ. ಆವತ್ತು ಚರ್ಚ್ ಹತ್ರ ನಿಮ್ಮೋರು ಯಾರಾದ್ರೂ ಅವನ ಕೈಗೆ ಅರ್ಜಿ ಕೊಟ್ರಾ?"

"ಗೊತ್ತಿಲ್ಲಮ್ಮ," ಅಂದಳು ಡೆಲ್ಫೀನ್. "ಅಲ್ಲಿ ಬೇರೆ ಬೇರೆ ಗುಂಪಿನೋರೂ ಇದ್ರು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ಅಮ್ಮ ಬೇರೇನೂ ಕೇಳದೆ ಮಗಳ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಕಾಲೇಜಿನಲ್ಲಿ ಮರೀಸಾ ಆಗಲೇ ಕೆಲಸ ಶುರು ಮಾಡಿದ್ದಳು. ಥರ್ಮನ್‌ನ ಆ ಟೋಪಿಯ ಫೋಟೋವನ್ನು ದೊಡ್ಡದಾಗಿ ಮಾಡಿಸಿ ಕೋಲುಗಳಿಗೆ ಕಟ್ಟಿಸಿದ್ದಳು. 'ಥರ್ಮನ್‌ಗೆ ನ್ಯಾಯ ಬೇಕು' ಎಂದು ಕೆಳಗೆ ಬರಹ.

"ಮರೀಸಾ, ನಾನೇ ಹೇಳಿದ್ದು ಅಲ್ವಾ ಮಾಮಂಗೆ," ಅಂದಳು ಡೆಲ್ಫೀನ್. "ನೀನೂ ಅಲ್ಲೇ ಇದ್ದೆ. ಅದನ್ನ ಕೋರ್ಟಲ್ಲಿ ಹೇಳಿದ್ರೆ ಅವನಿಗೆ ಅನುಕೂಲ ಆಗುತ್ತಂತೆ."

ಮರೀಸಾ ಬಾಗಿಲು ಹಾಕಿದಳು. "ನೋಡೇ, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ನಮ್ಮ ಸಂಘದೋಳೊಬ್ಬಳು ಹಕ್ಕಿಲ್ಲದೋರ ಕೈಲಿ ಸಹಿ ಹಾಕಿಸಿದ್ಲು ಅಂತ ಗೊತ್ತಾದ್ರೆ ನಮ್ಮ ವಿರೋಧಿಗಳಿಗೆ ಹಬ್ಬ. ಸಂಘಾನೇ ಮುಚ್ಚಿಸ್ತಾರೆ. ನಾವು ಸೇರ್ಸಿರೋ ಅಷ್ಟೂ ಜನರ ಹೆಸರನ್ನ ಕೆದಕ್ತಾರೆ. ಒಬ್ಬರಿಗೋಸ್ಕರ ಅಷ್ಟು ಜನರನ್ನ ಬಲಿ ಕೊಡ್ತೀಯಾ? ಕಾನೂನೇ ಕೆಟ್ಟದ್ದು ಅಂತ ನಾವು ಹೇಳೋಣ. ಅದು ನಿಜಾನೇ ಅಲ್ವಾ?"

ನಿಜವೇ ಆಗಿತ್ತು. ಅದೇ ಕಷ್ಟ. ಅವತ್ತು ಮಧ್ಯಾಹ್ನ ಕಾಲೇಜಿನ ಹುಲ್ಲುಹಾಸಿನ ಮೇಲೆ ಸೇರಿದ್ದ ಜನರ ಮುಂದೆ ಡೆಲ್ಫೀನ್ ಧ್ವನಿವರ್ಧಕ ಹಿಡಿದು ಮಾತಾಡಿದಳು. ಶಿಕ್ಷೆ ಅನುಭವಿಸಿದವನನ್ನು ಎಷ್ಟು ಸಲ ಶಿಕ್ಷಿಸುತ್ತೀರಿ ಎಂದು ಕೇಳಿದಳು. ದುಡಿಯಲು ಬಿಡುತ್ತೀರಿ, ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳುತ್ತೀರಿ, ಒಂದು ಮತ ಹಾಕಿದರೆ ಕೋಳ ತೊಡಿಸುತ್ತೀರಿ ಎಂದಳು. ದನಿ ತಾನಾಗಿ ಏರಿತು. ಒಂದೊಂದು ವಾಕ್ಯಕ್ಕೂ ಚಪ್ಪಾಳೆ. ಗುಂಪಿನ ತಲೆಯ ಮೇಲೆ ಮಾಮನ ಮುಖಗಳು ಕುಣಿಯುತ್ತಿದ್ದವು, ಎಲ್ಲವೂ ನಗುತ್ತಿದ್ದವು. ಪೆನ್ನು ಕೊಟ್ಟ ಕೈ ಯಾವುದೆಂದು ಯಾರೂ ಕೇಳಲಿಲ್ಲ. ಇಳಿದು ಬಂದಾಗ ಗುರುತಿಲ್ಲದ ಹುಡುಗಿಯೊಬ್ಬಳು ಅಳುತ್ತಾ ತಬ್ಬಿಕೊಂಡಳು. ಡೆಲ್ಫೀನ್ ಅವಳಿಂದ ಬಿಡಿಸಿಕೊಂಡು, ಧ್ವನಿವರ್ಧಕವನ್ನು ಹುಲ್ಲಿನ ಮೇಲಿಟ್ಟು ಅಲ್ಲಿಂದ ಹೊರಟುಹೋದಳು.

ಮೊದಲ ವಿಚಾರಣೆಯ ದಿನ ಅವಳು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಕಿತ್ತಳೆ ಬಣ್ಣದ ಜೈಲಿನ ಉಡುಪಿನಲ್ಲಿ ಥರ್ಮನ್ ಕುಗ್ಗಿಹೋದಂತೆ ಕಾಣುತ್ತಿದ್ದ. ನ್ಯಾಯಾಧೀಶರು ವಯಸ್ಸಾದ ಹೆಂಗಸು, ಮೆತ್ತಗೆ ಮಾತಾಡುವವರು.

"ನಿಮಗೆ ಮತ ಹಾಕೋ ಹಕ್ಕಿದೆ ಅಂತ ಯಾರಾದರೂ ಹೇಳಿದ್ರಾ?"

ಥರ್ಮನ್ ತಿರುಗಿ ನೋಡಿದ. ಕಣ್ಣು ನೇರ ಡೆಲ್ಫೀನ್‌ಳ ಮೇಲೆ ಬಿತ್ತು. ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ತಲೆಯಾಡಿಸಿದ, ಬೇಡ ಅನ್ನುವ ಹಾಗೆ.

"ಇಲ್ಲ ಮೇಡಂ. ನಾನಾಗೇ ಹಾಕ್ದೆ."

ಏಳಬೇಕೆಂದು ಡೆಲ್ಫೀನ್ ಅಂದುಕೊಂಡಳು. ಏಳಲಿಲ್ಲ. ವಿಚಾರಣೆಯನ್ನು ಮುಂದಕ್ಕೆ ಹಾಕಿ ಅವನನ್ನು ಮತ್ತೆ ಜೈಲಿಗೆ ಕರೆದೊಯ್ದರು. ಕಾರ್ಖಾನೆಯವರು ಅವನ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡರು.

ವಾರ ಕಳೆದು ಅವಳು ಒಬ್ಬಳೇ ಅವನನ್ನು ನೋಡಲು ಹೋದಳು. ಮಧ್ಯೆ ದಪ್ಪ ಗಾಜು, ಎರಡು ಕಡೆಯೂ ಟೆಲಿಫೋನು. ಅವನ ಗಡ್ಡ ಬೆಳೆದಿತ್ತು, ಅದರಲ್ಲಿ ಬಿಳಿ ಹೆಚ್ಚಾಗಿತ್ತು.

"ಮಾಮ, ನಾನು ಹೇಳಿಬಿಡ್ತೀನಿ," ಅಂದಳು.

"ಏನು ಹೇಳ್ತೀಯ? ಬಾಯಿ ಮುಚ್ಕೊಂಡು ಓದು. ನಮ್ಮ ಮನೇಲಿ ಒಬ್ಬರ ಹೆಸರು ಕೋರ್ಟಿನ ಪೇಪರಲ್ಲಿ ಇದ್ರೆ ಸಾಕು. ನಿನ್ನ ಅಮ್ಮ ನಿನಗೋಸ್ಕರ ಆಸ್ಪತ್ರೆ ಬಟ್ಟೆ ಒಗೆದು ಒಗೆದು ಕೈ ಸವೆಸಿದಾಳೆ. ನಂಗೆ ಜೈಲು ಹೊಸದಲ್ಲ. ನಿಂಗೆ ಬೇಡ."

"ಆದ್ರೆ ಮಾಮ..."

"ಆಯ್ತಲ್ಲ. ಕಾಲೇಜಲ್ಲಿ ಏನು ಊಟ ಹಾಕ್ತಾರೆ ಹೇಳು."

ಹೊರಗೆ ಬಂದು ಕಾರಿನಲ್ಲಿ ಕೂತಾಗ ಅವಳಿಗೆ ಎದೆ ಹಗುರಾದಂತೆ ಅನಿಸಿತು. ಅವನೇ ಬೇಡ ಅಂದನಲ್ಲ. ಇನ್ನು ನನ್ನದೇನಿದೆ? ಹಾಗೆ ಅಂದುಕೊಂಡೇ ಕಾರು ಚಾಲೂ ಮಾಡಿದಳು. ಕೈದಿಗಳ ಅಂಗಳದ ಬೇಲಿಯ ಪಕ್ಕ ತಿರುಗುವಾಗ, ತನಗೆ ನೆಮ್ಮದಿಯಾಗಿದೆ ಅನ್ನುವುದು ಅವಳಿಗೆ ಹೊಳೆಯಿತು. ಮಾಮ ಅಲ್ಲಿ ಗಾಜಿನ ಆಚೆ ಉಳಿದದ್ದಕ್ಕೆ ನೆಮ್ಮದಿ. ತಾನು ಇಂಥವಳೆಂದು ಅವಳು ಅಂದುಕೊಂಡಿರಲಿಲ್ಲ. ಹೆದ್ದಾರಿಗೆ ಹೋಗುವ ದಾರಿ ಬಿಟ್ಟು ಕಾರನ್ನು ಅಮ್ಮನ ಮನೆಯ ಕಡೆ ತಿರುಗಿಸಿದಳು.

ವರ್ನೀಸ್ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಡೆಲ್ಫೀನ್ ಅವಳ ಬೆನ್ನಿಗೇ ಎಲ್ಲವನ್ನೂ ಹೇಳಿದಳು. ಜಗಲಿ, ಅರ್ಜಿ, ತಾತನ ಮಾತು ಎತ್ತಿ ಚುಚ್ಚಿದ್ದು, ಗೊತ್ತಿಲ್ಲದೆ ಗೊತ್ತು ಅಂದದ್ದು, ಆಮೇಲೆ ಇದೇ ಅಡುಗೆಮನೆಯಲ್ಲಿ ಹೇಳಿದ ಸುಳ್ಳು.

ವರ್ನೀಸ್ ನಲ್ಲಿ ನಿಲ್ಲಿಸಿದಳು. ಬೈಯಲಿಲ್ಲ, ತಿರುಗಲೂ ಇಲ್ಲ. ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡಳು.

"ನಾನು ಒಳಗೆ ಕೋಳಿ ಕರೀತಿದ್ದೆ," ಅಂದಳು ಕೊನೆಗೆ. "ಹೊರಗೆ ನೀವೆಲ್ಲ ಮಾತಾಡ್ತಿದ್ರಿ. ನನ್ನ ಮಗಳು ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ಖುಷಿ ಪಡ್ತಿದ್ದೆ. ಏನು ಮಾತಾಡ್ತಿದೀಯ ಅಂತ ಕೇಳಿಸ್ತಿರ್ಲಿಲ್ಲ." ಆಮೇಲೆ ಚೀಲ ಹುಡುಕಿ ತೆಗೆದುಕೊಂಡಳು. "ನಡಿ, ಕಾರು ಹತ್ತು. ಆ ವಕೀಲೆ ಐದಕ್ಕೆ ಆಫೀಸು ಮುಚ್ತಾಳೆ."

ದಾರಿಯುದ್ದಕ್ಕೂ ಅಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಡೆಲ್ಫೀನ್‌ಗೆ ಅನಿಸಿತು.

ಎರಡನೇ ವಿಚಾರಣೆಯಲ್ಲಿ ಅವಳು ಸಾಕ್ಷಿ ಹೇಳಿದಳು. ಸಿಮ್ಸ್ ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟಳು. ಥರ್ಮನ್ ತಲೆ ತಗ್ಗಿಸಿ ಕೂತಿದ್ದ, ಒಮ್ಮೆಯೂ ನೋಡಲಿಲ್ಲ. ಆಮೇಲೆ ಎದುರು ಪಕ್ಷದ ಸರಕಾರಿ ವಕೀಲ ಎದ್ದ. ತರುಣ, ನಯವಾಗಿ ಮಾತಾಡುವವನು.

"ನೀವು ಕಾಲೇಜಲ್ಲಿ ರಾಜಕೀಯಶಾಸ್ತ್ರ ಓದ್ತಿದೀರಿ, ಅಲ್ವಾ?"

"ಹೌದು ಸಾರ್."

"ಇಂಥ ವಿಷಯದ ಬಗ್ಗೆ ಪತ್ರಿಕೇಲೂ ಬರೀತೀರಿ. ಕೈದಿಗಳ ಮತದಾನದ ಹಕ್ಕಿನ ಬಗ್ಗೆ ಬರೆದಿದೀರಿ."

"ಬರೆದಿದೀನಿ."

"ಹಾಗಿದ್ದೂ ಕಾನೂನು ಏನು ಅಂತ ಓದಿರ್ಲಿಲ್ವಾ?"

"ಓದಿರ್ಲಿಲ್ಲ ಸಾರ್."

"ನಿಮ್ಮ ಮಾಮ ಸರಿಯಾಗಿ ಗೊತ್ತಾ ಅಂತ ಕೇಳಿದಾಗ, ನಿಮಗೆ ಖಾತ್ರಿ ಇತ್ತಾ?"

ಇತ್ತು ಅನ್ನಬಹುದಿತ್ತು. ತಪ್ಪು ತಿಳಿದಿದ್ದೆ ಅಂದರೆ ಅದು ತಪ್ಪಷ್ಟೇ, ಯಾರಿಗಾದರೂ ಆಗುವಂಥದ್ದು. ಬೆಂಚಿನಲ್ಲಿ ಅಮ್ಮ ಕೂತಿದ್ದಳು.

"ಇರ್ಲಿಲ್ಲ," ಅಂದಳು. "ಅನುಮಾನ ಬಂದಿತ್ತು. ಎದುರಿಗೆ ಗೆಳತಿ ಇದ್ಲು. ಅವಳ ಮುಂದೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಅವನು ಬೇಡ ಅಂದ, ನಾನೇ ಚುಚ್ಚಿ ಚುಚ್ಚಿ ಹಾಕಿಸಿದೆ."

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವರು ಥರ್ಮನ್‌ನ ಉಳಿದ ಶಿಕ್ಷೆಯನ್ನು ಜೈಲಿಗೆ ತಿರುಗಿಸಲಿಲ್ಲ. ಒಳಗೆ ಕಳೆದದ್ದು ಸಾಕೆಂದು ಬಿಟ್ಟರು. ಆದರೆ ನಿಗಾ ಇನ್ನಷ್ಟು ಬಿಗಿಯಾಯಿತು. ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಬೇಸಿಗೆಯ ಹೊತ್ತಿಗೆ ಸುಳ್ಳು ಪ್ರಮಾಣದ ಮೊಕದ್ದಮೆಯನ್ನೂ ಕೈಬಿಟ್ಟರು.

ಮರೀಸಾ ಹೆದರಿದ್ದಂತೆಯೇ ಸಂಘದ ಮೇಲೆ ತನಿಖೆ ಬಂತು. ಮುಂದಿನ ಚುನಾವಣೆಯವರೆಗೆ ಅರ್ಜಿ ತುಂಬಿಸುವ ಕೆಲಸ ನಿಂತುಹೋಯಿತು. ಮರೀಸಾ ಅವಳನ್ನು ಮಾತಾಡಿಸುವುದು ಬಿಟ್ಟಳು, ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದಳು. ಅವಳ ಪಾಲಿನ ಮಾತೂ ಸುಳ್ಳಾಗಿರಲಿಲ್ಲ ಎಂಬುದು ಡೆಲ್ಫೀನ್‌ಗೆ ಇನ್ನೊಂದು ಭಾರವಾಯಿತು. ಪತ್ರಿಕೆಗೆ ಬರೆಯುವುದನ್ನು ಅವಳು ತಾನಾಗಿಯೇ ನಿಲ್ಲಿಸಿದಳು. ಅಭಿಪ್ರಾಯಗಳೇನೂ ಬದಲಾಗಿರಲಿಲ್ಲ. ಆ ಕಾನೂನು ಅನ್ಯಾಯದ್ದೇ ಎಂದು ಅವಳು ಈಗಲೂ ನಂಬಿದ್ದಳು. ಆದರೆ ಬರೆಯಲು ಕೂತರೆ ಮೊದಲ ಸಾಲಿಗೇ ಮಾಮ ಪೆನ್ನು ಕೇಳುವ ದನಿ ಕಿವಿಗೆ ಬೀಳುತ್ತಿತ್ತು.

ಅವನು ಬಿಡುಗಡೆಯಾದ ದಿನ ಕರೆತರಲು ಹೋದವಳು ಅವಳೇ. ವರ್ನೀಸ್‌ಗೆ ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ. ಕಾರು ಹತ್ತಿದವನು ಮೊದಲು ಕಾರ್ಖಾನೆಗೆ ಹೋಗು ಅಂದ. ಅವಳು ಗೇಟಿನ ಹೊರಗೆ ಕಾದಳು. ಮೇಸ್ತ್ರಿಯ ಮುಂದೆ ಅವನು ಟೋಪಿ ಕೈಯಲ್ಲಿ ಹಿಡಿದು ನಿಂತದ್ದು, ಮೇಸ್ತ್ರಿ ಅವನ ಭುಜ ತಟ್ಟಿ ಒಳಗೆ ಹೋದದ್ದು ಕಾರಿನ ಗಾಜಿನಿಂದ ಕಾಣುತ್ತಿತ್ತು.

"ಜಾಗ ಖಾಲಿ ಆದ್ರೆ ಹೇಳ್ತೀನಿ ಅಂದ," ಅಂದ ವಾಪಸು ಬಂದು ಬೆಲ್ಟು ಹಾಕಿಕೊಳ್ಳುತ್ತಾ. "ಅಂದ್ರೆ ಇಲ್ಲ ಅಂತ. ಹಸಿವಾಗ್ತಿದೆ, ನಡಿ."

ನದಿಯ ಸೇತುವೆಯ ಹತ್ತಿರದ ಮೀನಿನ ಹೋಟೆಲಿನಲ್ಲಿ ಕೂತರು. ಅವನು ಇಬ್ಬರಿಗೂ ಕರಿದ ಮೀನು ಹೇಳಿದ. ತನ್ನದನ್ನು ಅವಸರವಿಲ್ಲದೆ, ಮುಳ್ಳು ಬಿಡಿಸಿ ತಿನ್ನತೊಡಗಿದ. ಡೆಲ್ಫೀನ್ ಮುಟ್ಟಲಿಲ್ಲ.

"ಮಾಮ, ಏನಾದ್ರೂ ಅನ್ನು ನಂಗೆ," ಅಂದಳು. "ಬಾಯಿಗೆ ಬಂದ ಹಾಗೆ ಬೈದುಬಿಡು. ಅಮ್ಮಾನೂ ಬೈಯಲ್ಲ, ನೀನೂ ಬೈಯಲ್ಲ."

ಅವನು ತಿನ್ನುವುದನ್ನು ನಿಲ್ಲಿಸಿದ. "ಬೈಸ್ಕೊಂಡು ಹಗುರ ಆಗ್ಬೇಕು ಅಂತಿದೀಯ. ಆ ಕೆಲಸ ನನ್ನ ಕೈಲಿ ಮಾಡಿಸ್ಬೇಡ. ನಂಗೆ ಸುಸ್ತಾಗಿದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಿಟಕಿಯ ಕಡೆ ನೋಡುತ್ತಾ, "ಬೂತಿನಲ್ಲಿ ಆ ಹೆಂಗಸು ನನಗೆ ಸಾರ್ ಅಂದಿದ್ಲು," ಅಂದ. "ಅದು ಸುಳ್ಳಾಗ್ಲಿಲ್ಲ ತಾನೇ? ಅಂದಿದ್ದು ಅಂದಿದ್ದೇ."

ಯಾವ ವಿಷಯಕ್ಕಾದರೂ ಮಾತು ಸಿದ್ಧವಾಗಿರುತ್ತಿದ್ದ ಡೆಲ್ಫೀನ್ ಮೇಜಿನ ಪ್ಲಾಸ್ಟಿಕ್ ಹೊದಿಕೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಥರ್ಮನ್ ಅವಳ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅವಳ ಮೀನಿನ ಮುಳ್ಳನ್ನೂ ಬಿಡಿಸಿ, ಮತ್ತೆ ಅವಳ ಮುಂದಕ್ಕೆ ತಳ್ಳಿದ.

"ತಣ್ಣಗಾಗ್ತಿದೆ," ಅಂದ. "ತಿನ್ನು."

ಅವಳು ತಿಂದಳು.